ಹವ್ಯಾಸಿ ಕಲಾವಿದನೂ ಹೆಸರಿಲ್ಲದ ಶವವೂ

ಕಲೆಯನ್ನು ಕಸುಬಾಗಿಯಲ್ಲದೆ ಕೇವಲ ಆಸಕ್ತಿಯಿಂದ ಅಭ್ಯಾಸಮಾಡುವವನಿಗೆ ಕೀರ್ತಿಯು ಯಾವ ಬಾಗಿಲಿನಿಂದ ಬರುವುದೋ ಹೇಳಲಾಗದು. ಅಮೆರಿಕಾ ದೇಶದ ಫಿಲಡೆಲ್ಫಿಯಾ ನಗರದ ಫ್ರಾಂಕ್ ಬೆಂಡರ್ ಎಂಬಾತನಿಗೆ ಅದು ಶವಾಗಾರದ ಬಾಗಿಲಿನಿಂದ ಬಂದಿತು.

ಈತನ ಜೀವನೋಪಾಯವು ಛಾಯಾಚಿತ್ರಗಳನ್ನು ತೆಗೆಯುವುದು. ಹಗಲೆಲ್ಲ ದುಡಿದು, ರಾತ್ರಿ ಪೆನ್ಸಿಲ್ವೇನಿಯಾ ಲಲಿತಕಲಾ ಅಕಾಡೆಮಿಯ ತರಗತಿಗಳಿಗೆ ಹೋಗುತ್ತಿದ್ದನು. ರಾತ್ರಿಯ ವಿದ್ಯಾರ್ಥಿಗಳಿಗೆ ಶರೀರರಚನೆಯ ಪಾಠವು ದೊರೆಯದಿದ್ದುದರಿಂದ, ಅದನ್ನು ಕಣ್ಣಾರೆ ಕಂಡು ಕಲಿಯಬೇಕೆಂದು 1977ನೆಯ ಇಸವಿಯಲ್ಲಿ ನಗರದ ಶವಾಗಾರವನ್ನು ಹೊಕ್ಕನು. ಅಲ್ಲಿ ತಲೆಗೆ ಗುಂಡಿಕ್ಕಿ ಕೊಲ್ಲಲ್ಪಟ್ಟ ಒಬ್ಬ ಹೆಂಗಸಿನ ಶವವಿದ್ದಿತು. ಮುಖವು ಗುರುತು ಹತ್ತದಂತೆ ಕೆಟ್ಟುಹೋಗಿತ್ತು. ಆಕೆಯು ಯಾರೆಂದು ಪೋಲೀಸರಿಗೆ ತಿಳಿದಿರಲಿಲ್ಲ. ಈಕೆಯು ಬದುಕಿದ್ದಾಗ ಹೇಗಿದ್ದಳೆಂದು ತನಗೆ ಹೊಳೆಯುತ್ತದೆಂದು ಬೆಂಡರನು ಹೇಳಿದನು. ಅಪರಾಧಶಾಸ್ತ್ರದ ಗಂಧವೂ ಇಲ್ಲದ ವಿದ್ಯಾರ್ಥಿಯ ಮಾತಿದು! ಆದರೂ ಅಧಿಕಾರಿಗಳು ಅವಕಾಶವನ್ನಿತ್ತರು. ಅವರ ಈ ಔದಾರ್ಯವನ್ನೂ ನಾವು ಮೆಚ್ಚಬೇಕು.

ಇಂತಹ ಕೆಲಸದಲ್ಲಿ ತಲೆಬುರುಡೆಯೇ ಆಧಾರ. ಹಣೆ, ಕೆನ್ನೆ, ಗದ್ದಗಳಲ್ಲಿ ಮಾಂಸವು ಸಾಮಾನ್ಯವಾಗಿ ಎಷ್ಟು ದಪ್ಪವಿರುವುದೆಂಬ ಅಳತೆಗಳನ್ನು ಹಿಡಿದು ಜೇಡಿಮಣ್ಣನ್ನು ತುಂಬುವರು. ಆದರೆ ತುಟಿಯ ಅಂಚನ್ನಾಗಲಿ, ಕಣ್ಣಿನ ಭಾವವನ್ನಾಗಲಿ ಎಲುಬು ಪೂರ್ತಿಯಾಗಿ ತಿಳಿಸಲಾರದು. ಅಲ್ಲಿ ಕಲಾವಿದನ ಊಹೆಯೇ ಗತಿ. ಬೆಂಡರನ ಊಹೆಯು ಸುಳ್ಳಾಗಲಿಲ್ಲ. ಕೆಲವು ತಿಂಗಳುಗಳ ತರುವಾಯ ಆಕೆಯು ದೂರದ ಅರಿಜೋನಾ ಪ್ರಾಂತದವಳೆಂದು ಗೊತ್ತಾಯಿತು. ಹೆಸರಿಲ್ಲದೆ ಬಿದ್ದಿದ್ದವಳಿಗೆ ಹೆಸರು ಬಂದಿತು. ಮುಂದೆ ಈತನಿಗೆ ಇದಕ್ಕಿಂತ ದೊಡ್ಡ ಪ್ರಖ್ಯಾತಿಯು ದೊರೆಯಿತಾದರೂ, ನಮ್ಮ ಎಣಿಕೆಯಲ್ಲಿ ಇದೇ ಹಿರಿದು.

ಆ ಪ್ರಖ್ಯಾತಿಯ ಸಂಗತಿಯು ಗೃಹಸ್ಥರ ಎದೆಯನ್ನು ನಡುಗಿಸುವಂತಹದು. ನ್ಯೂಜೆರ್ಸಿ ಪ್ರಾಂತದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ ಜಾನ್ ಲಿಸ್ಟ್ ಎಂಬ ಲೆಕ್ಕಿಗನಿದ್ದನು. ಕೆಲಸವು ಹೋದುದನ್ನು ಮನೆಯವರಿಂದ ಮುಚ್ಚಿಟ್ಟು, ದಿನವೂ ಕಛೇರಿಗೆ ಹೊರಟವನಂತೆ ಹೊರಟು ರೈಲ್ವೆ ಸ್ಟೇಷನ್ನಿನಲ್ಲಿ ಕುಳಿತು ಹೊತ್ತು ಕಳೆಯುತ್ತಿದ್ದನು. 1971ನೆಯ ನವಂಬರ್ 9ರಂದು ತಾಯಿಯನ್ನೂ, ಹೆಂಡತಿಯನ್ನೂ, ಮೂವರು ಮಕ್ಕಳನ್ನೂ ಗುಂಡಿಕ್ಕಿ ಕೊಂದು ಮಾಯವಾದನು. ಹದಿನೇಳು ವರ್ಷಗಳು ಕಳೆದರೂ ಸಿಕ್ಕಲಿಲ್ಲ.

ಹಳೆಯ ಭಾವಚಿತ್ರಗಳನ್ನಿಟ್ಟುಕೊಂಡು ಮುದುಕನಾದ ಲಿಸ್ಟನನ್ನು ರೂಪಿಸುವ ಕಾರ್ಯವು ಬೆಂಡರನ ಪಾಲಿಗೆ ಬಂದಿತು. ರಿಚರ್ಡ್ ವಾಲ್ಟರ್ ಎಂಬ ಮನಶ್ಶಾಸ್ತ್ರಜ್ಞನೊಡನೆ ಕುಳಿತು, ಇಂತಹ ಸ್ವಭಾವದವನು ಏನನ್ನು ತಿನ್ನುವನು, ಹೇಗೆ ಉಡುವನು, ಎಂತಹ ಕನ್ನಡಕವನ್ನು ಧರಿಸುವನು ಎಂದು ಆಲೋಚಿಸಿದನು. ತಾನು ಗಣ್ಯನೆಂದು ತೋರಲು ದಪ್ಪ ಚೌಕಟ್ಟಿನದನ್ನೇ ಆರಿಸಿಕೊಳ್ಳುವನೆಂದು ನಿಶ್ಚಯಿಸಿ, ಅಂತಹದೊಂದನ್ನು ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡುತಂದು ಪ್ರತಿಮೆಗೆ ತೊಡಿಸಿದನು. ಅಳತೆಕೋಲಿಗೆ ನಿಲುಕದ ಮಾತು ಇದೇ.

1989ನೆಯ ಮೇ 21ರಂದು ಆ ಪ್ರತಿಮೆಯನ್ನು ದೂರದರ್ಶನದಲ್ಲಿ ತೋರಿಸಿದರು. ಹಿಂದೆ ನೆರೆಯಲ್ಲಿದ್ದವರೊಬ್ಬರು ಗುರುತಿಸಿ ತಿಳಿಸಿದರು. ಜೂನ್ 1ರಂದು ವರ್ಜೀನಿಯಾ ಪ್ರಾಂತದಲ್ಲಿ, ಬೇರೆ ಹೆಸರಿನಿಂದ ಮರುಮದುವೆಯಾಗಿ ಮತ್ತೆ ಲೆಕ್ಕ ಬರೆಯುತ್ತಿದ್ದ ಲಿಸ್ಟನು ಸೆರೆಸಿಕ್ಕನು. ಅವನು ಧರಿಸುತ್ತಿದ್ದುದೂ ದಪ್ಪ ಚೌಕಟ್ಟಿನ ಕನ್ನಡಕವೇ! ತಾನು ಲಿಸ್ಟನಲ್ಲವೆಂದು ತಿಂಗಳುಗಟ್ಟಲೆ ಸಾಧಿಸಿದನು, ಬೆರಳಚ್ಚುಗಳು ಬಿಡಲಿಲ್ಲ. 1990ರಲ್ಲಿ ಅವನಿಗೆ ಐದು ಜೀವಾವಧಿ ಶಿಕ್ಷೆಗಳಾದುವು.

ಅದೇ ವರ್ಷ ಬೆಂಡರನೂ, ವಾಲ್ಟರನೂ, ವಿಲಿಯಂ ಫ್ಲೈಷರ್ ಎಂಬುವನೂ ಸೇರಿ ಫಿಲಡೆಲ್ಫಿಯಾದಲ್ಲಿ ವಿಡೋಕ್ ಸಂಘವನ್ನು ಸ್ಥಾಪಿಸಿದರು. ಬಗೆಹರಿಯದ ಕೊಲೆಗಳನ್ನು ಮಧ್ಯಾಹ್ನದ ಊಟದ ಮೇಜಿನ ಸುತ್ತ ಕುಳಿತು ವಿಚಾರಮಾಡುವುದು ಅದರ ಪದ್ಧತಿ. ಬೆಂಡರನು 2011ರಲ್ಲಿ ತೀರಿಕೊಂಡನು.