ರೈಲು ಹೋದ ಮೇಲೂ ಉಳಿದ ದಾರಿ

ರೈಲು ಮಾರ್ಗವೊಂದನ್ನು ಮುಚ್ಚಿದ ಮೇಲೆ ಅದರ ನೆಲ ಏನಾಗಬೇಕು? ಮೇಲ್ನೋಟಕ್ಕೆ ಇದು ಲೆಕ್ಕಪತ್ರ ವಿಭಾಗಕ್ಕೆ ಸೇರಿದ ಪ್ರಶ್ನೆ. ಹಳಿಗಳನ್ನು ಕಿತ್ತು ಹರಾಜು ಹಾಕಿ, ನೆಲವನ್ನು ತುಂಡು ತುಂಡಾಗಿ ಮಾರಿ, ಬಂದ ಹಣವನ್ನು ಖಜಾನೆಗೆ ಕಟ್ಟಿದರೆ ಕಡತ ಮುಗಿಯಿತು. ಇಂಗ್ಲೆಂಡಿನಲ್ಲಿಯೂ ಬಹಳಷ್ಟು ಕಡೆ ಹೀಗೆಯೇ ನಡೆಯಿತು. ಆದರೆ ಕೆಲವೆಡೆ ಹಾಗಾಗದಂತೆ ತಡೆದವರಿದ್ದರು. ಅದರ ಫಲವಾಗಿ ಇಂದು ಆ ದೇಶದ ಹಳ್ಳಿಗಾಡಿನ ನಡುವೆ, ಮೋಟಾರು ವಾಹನಗಳ ಗೊಡವೆಯೇ ಇಲ್ಲದೆ, ಗಂಟೆಗಟ್ಟಲೆ ನಿಶ್ಚಿಂತೆಯಿಂದ ಸೈಕಲ್ ತುಳಿಯಬಹುದಾಗಿದೆ.

ನಿವೃತ್ತಿಯ ನಂತರ ಬ್ರಿಸ್ಟಲ್‌ನಲ್ಲಿ ನೆಲೆಸಿರುವ ಮಗಳ ಮನೆಗೆ ಹೋದಾಗಲೆಲ್ಲ ನಾನು ಬಾಡಿಗೆ ಸೈಕಲ್ಲೊಂದನ್ನು ಪಡೆದು ಬಾತ್ ನಗರದ ಕಡೆಗೆ ಹೊರಡುವುದು ರೂಢಿ. ಎರಡೂ ನಗರಗಳನ್ನು ಜೋಡಿಸುವ ಸೈಕಲ್ ಪಥದ ಉದ್ದ 13 ಮೈಲಿ, ಅಂದರೆ ಸುಮಾರು 21 ಕಿ.ಮೀ. ಅವಸರವಿಲ್ಲದೆ ತುಳಿದರೆ ಎರಡು ಗಂಟೆಯ ಹಾದಿ. ಬ್ರಿಸ್ಟಲ್‌ನ ಬಡಾವಣೆಗಳನ್ನು ದಾಟಿ, ಸ್ಟೇಪಲ್ ಹಿಲ್ ಸುರಂಗದೊಳಗೆ ಹಾದು, ಮ್ಯಾಂಗಟ್ಸ್‌ಫೀಲ್ಡ್‌ನ ಪಾಳುಬಿದ್ದ ಪ್ಲಾಟ್‌ಫಾರಂ ಪಕ್ಕದಿಂದ ಸಾಗಿದರೆ ಹೊಲ, ಹುಲ್ಲುಗಾವಲು, ಏವನ್ ನದಿಯ ಸೇತುವೆಗಳು ಒಂದಾದ ಮೇಲೊಂದು ಎದುರಾಗುತ್ತವೆ. ಬೇಸಿಗೆಯ ಕೊನೆಯಲ್ಲಿ ಪಥದ ಎರಡೂ ಬದಿಯ ಮುಳ್ಳುಪೊದೆಗಳಲ್ಲಿ ಬ್ಲ್ಯಾಕ್‌ಬೆರಿ ಹಣ್ಣು ಬಿಟ್ಟಿರುತ್ತದೆ. ಡಬ್ಬಿ ಹಿಡಿದು ಬಂದ ಮಕ್ಕಳು ಅದನ್ನು ಬಿಡಿಸುತ್ತಿರುತ್ತಾರೆ. ಬಿಟ್ಟನ್ ನಿಲ್ದಾಣದ ಬಳಿ ಉತ್ಸಾಹಿಗಳು ಉಳಿಸಿಕೊಂಡಿರುವ ಉಗಿಬಂಡಿ ಸ್ವಲ್ಪ ದೂರ ಪಥದ ಪಕ್ಕದಲ್ಲಿಯೇ ಓಡುತ್ತದೆ. ಅರವತ್ತು ದಾಟಿದ ಮೊಣಕಾಲುಗಳಿಗೂ ಈ ದಾರಿ ಆಯಾಸ ತರುವುದಿಲ್ಲ.

ಆಯಾಸವಾಗದಿರುವುದಕ್ಕೆ ಕಾರಣ ಈ ನೆಲದ ಇತಿಹಾಸದಲ್ಲಿಯೇ ಇದೆ. ಉಗಿಬಂಡಿಗೆ ಕಡಿದಾದ ಏರು ಆಗದು. ಆದ್ದರಿಂದ ಹತ್ತೊಂಬತ್ತನೆಯ ಶತಮಾನದ ರೈಲು ಕಂಪನಿಗಳು ದಿಬ್ಬಗಳನ್ನು ಕಡಿದು, ತಗ್ಗುಗಳಿಗೆ ಮಣ್ಣು ತುಂಬಿ, ಗುಡ್ಡಗಳಿಗೆ ಸುರಂಗ ಕೊರೆದು ದಾರಿಯನ್ನು ಆದಷ್ಟೂ ಸಮತಟ್ಟಾಗಿಸಿದವು. ಅದಕ್ಕೆ ಹಣ ಹೂಡಿದವರು ಅಂದಿನ ಷೇರುದಾರರು. ಗುದ್ದಲಿ ಹಿಡಿದವರು ಅಂದಿನ ಕೂಲಿಗಳು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಅದು ಈಗಾಗಲೇ ಹೂತುಹೋದ ಬಂಡವಾಳ. ಹಳಿಯನ್ನು ಕಿತ್ತು ಮಾರಬಹುದು. ಆ ಸಮತಟ್ಟನ್ನು ಕಿತ್ತು ಮಾರಲಾಗದು. ನೆಲ ತುಂಡಾದರೆ ಅದು ಸುಮ್ಮನೆ ನಷ್ಟವಾಗುತ್ತದೆ.

1963ರ ಮಾರ್ಚ್‌ನಲ್ಲಿ ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಅವರ ಪ್ರಸಿದ್ಧ ವರದಿ ಹೊರಬಂದಿತು. ನಷ್ಟದಲ್ಲಿದ್ದ ಸುಮಾರು 5,000 ಮೈಲಿ ಮಾರ್ಗವನ್ನೂ ಎರಡು ಸಾವಿರಕ್ಕೂ ಮಿಕ್ಕಿದ ನಿಲ್ದಾಣಗಳನ್ನೂ ಮುಚ್ಚಬೇಕೆಂಬುದು ಅದರ ಸಲಹೆ. ಮ್ಯಾಂಗಟ್ಸ್‌ಫೀಲ್ಡ್ ಮೂಲಕ ಬಾತ್ ನಗರಕ್ಕೆ ಹೋಗುತ್ತಿದ್ದ ಪ್ರಯಾಣಿಕ ರೈಲುಗಳು 1966ರ ಮಾರ್ಚ್‌ನಲ್ಲಿ ನಿಂತವು. ಮುಚ್ಚಬೇಕಾದ ಮಾರ್ಗಗಳ ಬಗ್ಗೆ ಕೂಲಂಕಷ ಲೆಕ್ಕ ಹಾಕಿದ್ದ ಆಡಳಿತ, ಮುಚ್ಚಿದ ಮೇಲೆ ಉಳಿಯುವ ನೆಲವನ್ನು ಅಖಂಡವಾಗಿ ಕಾಯ್ದುಕೊಳ್ಳುವ ಬಗ್ಗೆ ಅಷ್ಟು ಯೋಚಿಸಲಿಲ್ಲ. ಅನೇಕ ಕಡೆ ಸೇತುವೆಗಳನ್ನು ಕೆಡವಲಾಯಿತು. ನೆಲ ಅಕ್ಕಪಕ್ಕದ ರೈತರ, ಮನೆ ಕಟ್ಟುವವರ ಪಾಲಾಯಿತು.

1977ರಲ್ಲಿ ಬ್ರಿಸ್ಟಲ್‌ನ ಕೆಲವು ನಾಗರಿಕರು ಸೈಕಲ್‌ಬ್ಯಾಗ್ ಎಂಬ ಸಣ್ಣ ಸಂಘಟನೆಯನ್ನು ಕಟ್ಟಿಕೊಂಡರು. ಎಂಜಿನಿಯರ್ ಜಾನ್ ಗ್ರಿಮ್‌ಶಾ ಅವರಲ್ಲಿ ಪ್ರಮುಖರು. ಸರ್ಕಾರ ಯೋಜನೆ ರೂಪಿಸಲಿ ಎಂದು ಕಾಯುತ್ತ ಕೂರದೆ 1979ರಲ್ಲಿ ಬಾತ್ ಕಡೆಯಿಂದ ಸ್ವಯಂಸೇವಕರೇ ಸಲಿಕೆ ಹಿಡಿದು ಮೊದಲ ಕೆಲವು ಮೈಲಿ ಪಥವನ್ನು ನಿರ್ಮಿಸಿದರು. ಪೂರ್ಣ ಮಾರ್ಗ ಸಿದ್ಧವಾದದ್ದು 1986ರಲ್ಲಿ. ಮುಂದೆ ಸಸ್ಟ್ರಾನ್ಸ್ ಎಂದು ಹೆಸರಾದ ಸಂಸ್ಥೆ ಬೆಳೆದದ್ದು ಈ ಕೆಲಸದಿಂದಲೇ. 2025ರಲ್ಲಿ ಅದು ವಾಕ್ ವೀಲ್ ಸೈಕಲ್ ಟ್ರಸ್ಟ್ ಎಂದು ಹೆಸರು ಬದಲಿಸಿಕೊಂಡಿದೆ. ಎಂಬತ್ತರ ದಶಕದಲ್ಲಿ ನಿರುದ್ಯೋಗ ವಿಪರೀತವಾಗಿದ್ದಾಗ ಸರ್ಕಾರದ ಉದ್ಯೋಗ ಕಾರ್ಯಕ್ರಮದ ಅಡಿಯಲ್ಲಿ ಬಂದವರು ಇಂತಹ ಹಲವು ಪಥಗಳಿಗಾಗಿ ದುಡಿದರು. ನಮ್ಮಲ್ಲಿ ಬರ ಪರಿಹಾರ ಕಾಮಗಾರಿಗಳನ್ನು ನಡೆಸಿದವರಿಗೆ ಇದು ಪರಿಚಿತ ವಿಚಾರ. ಕಾಮಗಾರಿ ಮುಗಿದ ಮೇಲೆ ಊರಿಗೆ ಏನಾದರೂ ಉಳಿಯಿತೇ ಎಂಬುದೇ ಅಂತಹ ಯೋಜನೆಗಳ ಪರೀಕ್ಷೆ. ಇಲ್ಲಿ ಉಳಿಯಿತು.

ಬಾತ್ ನಗರದ ದಕ್ಷಿಣಕ್ಕೆ ಇದೇ ಕಥೆಯ ಮುಂದಿನ ಭಾಗವಿದೆ. 1966ರಲ್ಲಿಯೇ ಮುಚ್ಚಿದ್ದ ಸಾಮರ್ಸೆಟ್ ಮತ್ತು ಡಾರ್ಸೆಟ್ ರೈಲು ಮಾರ್ಗದ ಎರಡು ಸುರಂಗಗಳನ್ನು ದುರಸ್ತಿಗೊಳಿಸಿ 2013ರಲ್ಲಿ ಪಾದಚಾರಿಗಳಿಗೆ, ಸೈಕಲ್ ಸವಾರರಿಗೆ ತೆರೆಯಲಾಯಿತು. ಅವುಗಳಲ್ಲಿ ದೊಡ್ಡದಾದ ಕೂಂಬ್ ಡೌನ್ ಸುರಂಗದ ಉದ್ದ 1,672 ಮೀಟರ್. ಒಳಗೆ ಹೊಕ್ಕರೆ ಬೇಸಿಗೆಯಲ್ಲೂ ಚಳಿ; ಮಂದ ಬೆಳಕಿನ ನಡುವೆ ಒಂದೆಡೆ ಮೆಲುವಾದ ಸಂಗೀತ ಕೇಳಿಸುವಂತೆ ಏರ್ಪಾಡು ಮಾಡಿದ್ದಾರೆ. ಹೊರಬಂದು ಸ್ವಲ್ಪ ದೂರ ಸಾಗಿದರೆ ಕೆನೆಟ್ ಮತ್ತು ಏವನ್ ಕಾಲುವೆಯ ದಂಡೆಯನ್ನು ಸೇರಿಕೊಳ್ಳಬಹುದು. 1810ರಲ್ಲಿ ಪೂರ್ಣಗೊಂಡ ಈ ಕಾಲುವೆಯ ವಹಿವಾಟನ್ನು ನುಂಗಿಹಾಕಿದ್ದು ರೈಲು. ಹಾಳುಬಿದ್ದಿದ್ದ ಅದನ್ನು ಸ್ವಯಂಸೇವಕರ ದಶಕಗಳ ಶ್ರಮದ ನಂತರ 1990ರಲ್ಲಿ ಮತ್ತೆ ಪೂರ್ಣವಾಗಿ ತೆರೆಯಲಾಯಿತು. ದೋಣಿ ಎಳೆಯುತ್ತಿದ್ದ ಕುದುರೆಗಳ ಹಾದಿಯಲ್ಲಿ ಈಗ ಸೈಕಲ್ಲುಗಳು ಸಾಗುತ್ತವೆ. ಇಲ್ಲಿ ಮೊದಲ ಹಕ್ಕು ನಡೆಯುವವರದು. ಸೈಕಲ್ ಸವಾರ ಗಂಟೆ ಬಾರಿಸಿ, ವೇಗ ತಗ್ಗಿಸಿ, ಬೇಕಾದರೆ ಇಳಿದು ನಿಲ್ಲಬೇಕು.

ಇಂಗ್ಲೆಂಡಿನ ಹಳ್ಳಿಗಳಲ್ಲಿ ರಸ್ತೆಗಳೇ ಪ್ರಶಾಂತವಾಗಿರುವಾಗ ಪ್ರತ್ಯೇಕ ಪಥ ಏಕೆ ಎಂದು ಕೇಳುವವರುಂಟು. ಚಿತ್ರಗಳಲ್ಲಿ ಕಾಣುವಷ್ಟು ಪ್ರಶಾಂತವಾಗಿ ಅವು ಇಲ್ಲ. ಎತ್ತರದ ಬೇಲಿಗಳ ನಡುವಣ ಕಿರಿದಾದ ತಿರುವು ರಸ್ತೆಗಳಲ್ಲಿಯೂ, ಬೇರೆ ಫಲಕವಿಲ್ಲದಿದ್ದರೆ, ಕಾರಿಗೆ ಗಂಟೆಗೆ 60 ಮೈಲಿ ವೇಗದ ಅವಕಾಶವಿದೆ. 1995ರಲ್ಲಿ ಲಾಟರಿ ನಿಧಿಯ ನೆರವಿನೊಂದಿಗೆ ಆರಂಭವಾದ ರಾಷ್ಟ್ರೀಯ ಸೈಕಲ್ ಜಾಲವು ಹನ್ನೆರಡು ವರ್ಷದ ತಿಳಿವಳಿಕೆಯುಳ್ಳ ಮಗು ಒಬ್ಬಂಟಿಯಾಗಿ ಸುರಕ್ಷಿತವಾಗಿ ಸಾಗಬಲ್ಲುದೇ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ. 2018ರಲ್ಲಿ ಸಂಸ್ಥೆಯೇ ನಡೆಸಿದ ಪರಿಶೀಲನೆಯಲ್ಲಿ ಜಾಲದ ದೊಡ್ಡ ಭಾಗ ಕಳಪೆಯೆಂದು ಕಂಡುಬಂತು. 2020ರಲ್ಲಿ ಜಾಲದ ಸುಮಾರು ಕಾಲು ಭಾಗವನ್ನು, ಮುಖ್ಯವಾಗಿ ವಾಹನ ದಟ್ಟಣೆಯ ರಸ್ತೆಗಳ ಮೇಲಿದ್ದ ಭಾಗಗಳನ್ನು, ಪಟ್ಟಿಯಿಂದ ಹೊರಗಿಡಲಾಯಿತು ಅಥವಾ ಬೇರೆ ವರ್ಗಕ್ಕೆ ಸೇರಿಸಲಾಯಿತು. ನಕ್ಷೆಯ ಮೇಲೆ ಉದ್ದ ತೋರಿಸಿ ಬೀಗುವುದಕ್ಕಿಂತ ಇದು ಪ್ರಾಮಾಣಿಕ ನಡೆ. ಆದರೆ ಮೊದಲೇ ನೆಲವನ್ನು ಕಾಯ್ದುಕೊಂಡಿದ್ದರೆ ಅಷ್ಟೊಂದು ಮೈಲಿ ರಸ್ತೆಯ ಮೇಲೆ ಹಾಯಬೇಕಾದ ಪ್ರಮೇಯ ಬರುತ್ತಿರಲಿಲ್ಲ ಎಂಬುದೂ ನಿಜ.

ದಾರಿಯ ಬೆಲೆ ಅದರ ಅಖಂಡತೆಯಲ್ಲಿದೆ. ಇಪ್ಪತ್ತು ಕಿ.ಮೀ. ಪಥದ ನಡುವೆ ಅರ್ಧ ಕಿ.ಮೀ. ಹೆದ್ದಾರಿ ಬಂದರೆ ತಾಯಿ ಮಗುವನ್ನು ಕಳಿಸುವುದಿಲ್ಲ. ಅಲ್ಲಿಗೆ ಉಳಿದ ಹತ್ತೊಂಬತ್ತೂವರೆ ಕಿ.ಮೀ. ಇದ್ದೂ ಇಲ್ಲದಂತೆ. ಮಾರುಕಟ್ಟೆ ಈ ಬೆಲೆಯನ್ನು ಕಾಣದು. ನಾಲ್ಕಾರು ಮಾರು ಅಗಲದ ಉದ್ದನೆಯ ಪಟ್ಟಿಗೆ ಪಕ್ಕದ ಜಮೀನಿನವನಲ್ಲದೆ ಬೇರೆ ಗಿರಾಕಿಯಿಲ್ಲ. ಆದ್ದರಿಂದ ಅದು ಅಗ್ಗಕ್ಕೆ ಹೋಗುತ್ತದೆ. ಮರಳಿ ಕೂಡಿಸಹೊರಟಾಗ ಹತ್ತಾರು ಮಾಲೀಕರ ಒಪ್ಪಿಗೆ ಬೇಕು; ಒಬ್ಬನು ಒಲ್ಲೆನೆಂದರೂ ಯೋಜನೆ ನಿಂತಿತು. ಮುಂದೊಂದು ದಿನ ರೈಲನ್ನೇ ಮತ್ತೆ ತರಬೇಕೆನಿಸಿದರೂ ಅಖಂಡವಾದ ನೆಲವಿದ್ದರೆ ಆ ಆಯ್ಕೆ ತೆರೆದಿರುತ್ತದೆ. ಪಥವಾಗಿ ಉಳಿಸುವುದೆಂದರೆ ಮುಂದಿನವರ ಆಯ್ಕೆಯನ್ನೂ ಉಳಿಸಿದಂತೆ.

ಕಂದಾಯ ಆಡಳಿತದಲ್ಲಿ ವರ್ಷಗಳನ್ನು ಕಳೆದವನಾಗಿ ಈ ಮಾತು ನನಗೆ ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ್ದೆಂದು ತೋರುವುದಿಲ್ಲ. ನಮ್ಮ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿಗಳೂ ಕಾಲುದಾರಿಗಳೂ ಹಳ್ಳಗಳೂ ಸ್ಪಷ್ಟವಾಗಿ ಗುರುತಾಗಿವೆ. ಸ್ಥಳ ತನಿಖೆಗೆ ಹೋದರೆ ಒಂದು ಕಡೆ ಗದ್ದೆಯ ಬದು, ಇನ್ನೊಂದು ಕಡೆ ಕಾಂಪೌಂಡು ಗೋಡೆ. ಒತ್ತುವರಿಯಾದದ್ದು ಕೆಲವೇ ಗುಂಟೆ ಎಂದು ಅರ್ಜಿದಾರ ವಾದಿಸುತ್ತಾನೆ, ಗುಂಟೆಯ ಲೆಕ್ಕದಲ್ಲಿ ಅದು ಸರಿಯೂ ಇರುತ್ತದೆ. ಆದರೆ ಕಳೆದುಹೋದದ್ದು ಗುಂಟೆಯಲ್ಲ, ದಾರಿ.

ಬ್ರಿಸ್ಟಲ್ ಪಥಕ್ಕೂ ಗಂಡಾಂತರಗಳು ತಪ್ಪಿಲ್ಲ. 2008ರಲ್ಲಿ ಅದರ ಒಂದು ಭಾಗದ ಮೇಲೆ ಕ್ಷಿಪ್ರ ಬಸ್ ಮಾರ್ಗ ನಿರ್ಮಿಸುವ ಪ್ರಸ್ತಾಪ ಬಂದಿತ್ತು. ಸಾವಿರಾರು ಜನ ವಿರೋಧಿಸಿದ್ದರಿಂದ ಅದನ್ನು ಕೈಬಿಡಲಾಯಿತು. ನಿತ್ಯ ಬಳಸುವ ಜನರಿದ್ದ ಕಾರಣಕ್ಕೆ ಪಥಕ್ಕೆ ಕಾವಲುಗಾರರೂ ಸಿಕ್ಕರು. ಹುಲ್ಲು ಬೆಳೆದು ಯಾರೂ ತುಳಿಯದ ಸಾರ್ವಜನಿಕ ನೆಲಕ್ಕೆ ಅಂತಹ ಕಾವಲು ಇರುವುದಿಲ್ಲ. ಆದ್ದರಿಂದ ಬಳಕೆ ತಪ್ಪಿದ ಯಾವುದೇ ಸಾರ್ವಜನಿಕ ದಾರಿಯನ್ನು ಮಾರುವ ಅಥವಾ ಒತ್ತುವರಿಯನ್ನು ಸಕ್ರಮಗೊಳಿಸುವ ಕಡತ ಮೇಜಿಗೆ ಬಂದಾಗ, ಸಹಿ ಹಾಕುವ ಅಧಿಕಾರಿ ಎಕರೆಗೆ ಎಷ್ಟು ಎಂದು ಕೇಳುವ ಮೊದಲು, ಈ ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳುವುದು ಒಳ್ಳೆಯದು.