ಕಿರುತೆರೆಯ ಅಶೋಕನೂ ಶಾಸನಗಳ ಅಶೋಕನೂ

2015ರಲ್ಲಿ ಕಲರ್ಸ್ ವಾಹಿನಿಯಲ್ಲಿ ಪ್ರಸಾರಕ್ಕೆ ಬಂದ ‘ಚಕ್ರವರ್ತಿನ್ ಅಶೋಕ ಸಮ್ರಾಟ್’ ಎಂಬ ಹಿಂದೀ ಧಾರಾವಾಹಿಯಲ್ಲಿ ಬಾಲಕ ಅಶೋಕನಿಗೆ ಚಾಣಕ್ಯನೇ ಗುರು. ಚಾಣಕ್ಯನು ಬಿಂದುಸಾರನ ಆಳಿಕೆಯಲ್ಲಿಯೂ ಬದುಕಿದ್ದನೆಂದು ಜೈನ ಪರಂಪರೆ ಹೇಳುವುದುಂಟು. ಹೇಮಚಂದ್ರನ ‘ಪರಿಶಿಷ್ಟಪರ್ವ’ದಲ್ಲಿ ಆ ವೃತ್ತಾಂತವಿದೆ. ಆದರೆ ಅವನು ಅಶೋಕನಿಗೆ ಪಾಠ ಹೇಳಿದನೆಂಬ ಮಾತು ಅಶೋಕಾವದಾನದಲ್ಲಾಗಲಿ ಸಿಂಹಳದ ಮಹಾವಂಸದಲ್ಲಾಗಲಿ ಇಲ್ಲ. ನಮ್ಮ ವಡ್ಡಾರಾಧನೆಯಂತೂ ಅವನನ್ನು ಋಷಿಯನ್ನಾಗಿಸಿ ಬೇರೆ ದಾರಿಗೇ ಕಳುಹಿಸಿದೆ. ಕಥೆಗಾರನಿಗೆ ಇಷ್ಟು ಸ್ವಾತಂತ್ರ್ಯ ಸಲ್ಲಬಹುದೆನ್ನೋಣ.

ಲಿಪಿಯ ವಿಷಯದಲ್ಲಿ ಮಾತ್ರ ಅದು ಸಲ್ಲದು. ಮೌರ್ಯರ ಓಲೆಯ ಮೇಲೆ ನಾಗರೀ ಅಕ್ಷರಗಳನ್ನು ಬರೆದು ತೋರಿಸಿದರೆ ಸುಮಾರು ಸಾವಿರ ವರ್ಷಗಳ ಕಾಲವಿಪರ್ಯಾಸವಾಗುತ್ತದೆ. ಅಶೋಕನ ಶಾಸನಗಳು ಬಹುಮಟ್ಟಿಗೆ ಬ್ರಾಹ್ಮಿಯಲ್ಲಿವೆ. ವಾಯವ್ಯದಲ್ಲಿ ಖರೋಷ್ಠಿ, ಗ್ರೀಕ್, ಅರಮೇಯಿಕ್ ಸಹ ಉಂಟು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಚಪಡನೆಂಬ ಲಿಪಿಕಾರನು ಬ್ರಾಹ್ಮಿಯ ಶಾಸನವನ್ನು ಮುಗಿಸಿ, ತನ್ನ ವೃತ್ತಿಯನ್ನು ಸೂಚಿಸುವ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಈ ಒಂದು ಪದವೇ ಒಂದು ಕಂತಿಗೆ ಸಾಲದೆ?

ಹೊರನಾಡ ಕನ್ನಡ ಮಕ್ಕಳಲ್ಲಿ ಅನೇಕರಿಗೆ ಅಶೋಕನ ಪರಿಚಯ ಈ ಪರದೆಯಿಂದಲೇ ಆಗುತ್ತದೆ. ದೇವಾನಾಂಪ್ರಿಯನೇ ಅಶೋಕನೆಂಬುದನ್ನು ಅವನ ಸ್ವಂತ ಶಾಸನದಿಂದ ಮೊದಲು ತಿಳಿಸಿಕೊಟ್ಟದ್ದು 1915ರಲ್ಲಿ ದೊರೆತ, ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆ ಎಂಬುದು ಅವರ ಕಿವಿಗೆ ಬೀಳುವುದೇ ಇಲ್ಲ. ಮುಂಬಯಿಯ ನಿರ್ಮಾಪಕರು ಮಸ್ಕಿಯವರೆಗೆ ಹೋಗಬೇಕಾಗಿಯೂ ಇಲ್ಲ. 1882ರಲ್ಲಿ ಭಗವಾನಲಾಲ್ ಇಂದ್ರಜಿಯವರು ಸೋಪಾರಾದಲ್ಲಿ ಕಂಡ ಎಂಟನೆಯ ಶಿಲಾಶಾಸನದ ತುಣುಕು ಇಲ್ಲಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿಯೇ ಇದೆ. ಚರ್ಚ್‌ಗೇಟಿನಲ್ಲಿ ಇಳಿದವರು ನಡೆದೇ ಹೋಗಿ ನೋಡಬಹುದು.