ಒದ್ದೆ ಹೊಗೆಸೊಪ್ಪು ಮೀಟುವ ನರಗಂಟು

ಆಗಸ್ಟ್ ತಿಂಗಳ ಮುಂಜಾವು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಹೊಗೆಸೊಪ್ಪು ಮುರಿಯುವ ಕಾಲ. ರಾತ್ರಿಯ ಸೋನೆಗೆ ಎಲೆಗಳು ತೊಯ್ದಿವೆ. ಬುಡದ ಮಾಗಿದ ಎಲೆಗಳನ್ನು ಮುರಿದು ಕಂಕುಳಿಗೆ ಒತ್ತಿಕೊಳ್ಳುತ್ತ ಸಾಲು ಹಿಡಿದು ಹೋಗುವವರ ಅಂಗಿ, ರವಿಕೆ ಬೇಗನೆ ನೆನೆಯುತ್ತವೆ. ಕೈಗೆ ಕರಿ ಅಂಟು ಮೆತ್ತುತ್ತದೆ. ಆಮೇಲೆ ಎಲೆ ಒಣಗಿಸುವ ಬ್ಯಾರನ್ ಮುಂದೆ ಕೂತು ಅದೇ ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೆಲಸ. ಸಂಜೆಗೆ ಕೆಲವರಿಗೆ ತಲೆ ಸುತ್ತುತ್ತದೆ, ಬಾಯಲ್ಲಿ ನೀರೂರುತ್ತದೆ, ತಣ್ಣನೆ ಬೆವರು ಬಂದು ವಾಂತಿಯಾಗುತ್ತದೆ.

ಪಿತ್ತವೆಂದೋ ಬಿಸಿಲಿನ ಝಳವೆಂದೋ ಅಂದುಕೊಂಡು ಮಲಗಿಬಿಡುವುದು ಸುಲಭ. ಆದರೆ ವೈದ್ಯಲೋಕ ಇದಕ್ಕೆ ‘ಹಸಿರು ತಂಬಾಕು ಕಾಯಿಲೆ’ ಎಂದು ಹೆಸರಿಟ್ಟಿದೆ. 1970ರಲ್ಲಿ ಅಮೆರಿಕದ ಫ್ಲಾರಿಡಾದ ಕೂಲಿಗಳಲ್ಲಿ ಇದನ್ನು ಮೊದಲು ವರದಿ ಮಾಡಿದರು. ತಂಬಾಕಿನ ಗಿಡ ಬೇರಿನಲ್ಲಿ ನಿಕೋಟಿನ್ ತಯಾರಿಸಿ ಎಲೆಗೆ ಸಾಗಿಸುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಚರ್ಮವನ್ನೂ ದಾಟುತ್ತದೆ. ಇಬ್ಬನಿ, ಮಳೆ, ಬೆವರು ಮೂರೂ ಅದಕ್ಕೆ ದಾರಿ ಮಾಡಿಕೊಡುತ್ತವೆ.

ಒಳಗೆ ಹೋದ ನಿಕೋಟಿನ್ ಕೈ ಹಾಕುವ ಮುಖ್ಯ ಜಾಗಗಳಲ್ಲಿ ಒಂದು ಸ್ವಾಯತ್ತ ನರವ್ಯೂಹ. ಎದೆಬಡಿತ, ರಕ್ತದೊತ್ತಡ, ಜೀರ್ಣ, ಬೆವರು, ಕಣ್ಣಪಾಪೆಯ ಅಳತೆ, ಇವನ್ನೆಲ್ಲ ನಾವು ನೆನೆಯದಿದ್ದರೂ ನಡೆಸುವ ವ್ಯವಸ್ಥೆ ಅದು. ಅದಕ್ಕೆ ಎರಡು ಕವಲು. ಎದೆ ಮತ್ತು ಸೊಂಟದ ಮಟ್ಟದಲ್ಲಿ ಬೆನ್ನುಹುರಿಯಿಂದ ಹೊರಡುವ ಅನುವೇದನಾ ನರಗಳು ಓಟಕ್ಕೋ ಹೋರಾಟಕ್ಕೋ ದೇಹವನ್ನು ಅಣಿಗೊಳಿಸುತ್ತವೆ. ಮಿದುಳಿನ ಕಾಂಡದಿಂದಲೂ ಬೆನ್ನುಹುರಿಯ ತುದಿಭಾಗದಿಂದಲೂ ಹೊರಡುವ ಪರಾನುವೇದನಾ ನರಗಳು ಹೃದಯವನ್ನು ನಿಧಾನಿಸಿ ಕರುಳಿಗೆ ಕೆಲಸ ಕೊಡುತ್ತವೆ. ಇವುಗಳಲ್ಲಿ ದೊಡ್ಡದಾದ ವೇಗಸ್ ನರ ಕತ್ತಿನಿಂದ ಹೊಟ್ಟೆಯವರೆಗೆ ಇಳಿಯುತ್ತದೆ.

ಎರಡೂ ಕವಲುಗಳಲ್ಲಿ ಸಂದೇಶ ಒಂದೇ ಓಟಕ್ಕೆ ಅಂಗವನ್ನು ಮುಟ್ಟುವುದಿಲ್ಲ. ನಡುವೆ ನರಗಂಟು ಸಿಗುತ್ತದೆ. ಅನುವೇದನಾ ಗಂಟುಗಳು ಹೆಚ್ಚಾಗಿ ಬೆನ್ನೆಲುಬಿನ ಎರಡು ಪಕ್ಕದಲ್ಲೂ ಮಣಿಸರದಂತೆ ಪೋಣಿಸಿಕೊಂಡಿವೆ. ಪರಾನುವೇದನಾ ಗಂಟುಗಳು ಅಂಗದ ಹತ್ತಿರ ಅಥವಾ ಅದರ ಗೋಡೆಯಲ್ಲೇ ಇವೆ. ಅಲ್ಲಿಗೆ ಬಂದ ನರತಂತು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ, ಮುಂದಿನ ನರಕೋಶದ ಗ್ರಾಹಕ ಅದನ್ನು ಹಿಡಿದುಕೊಳ್ಳುತ್ತದೆ. ನಿಕೋಟಿನ್ ಅದೇ ಗ್ರಾಹಕಕ್ಕೆ ಕೂರುತ್ತದೆ. ಗ್ರಾಹಕದ ಹೆಸರೇ ‘ನಿಕೋಟಿನಿಕ್’.

ಆ ಹೆಸರಿನ ಹಿಂದೆ ಇದೇ ಎಲೆಯ ಕಥೆಯಿದೆ. 1889ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಜಾನ್ ಲ್ಯಾಂಗ್ಲಿ, ಸಹೋದ್ಯೋಗಿ ಡಿಕಿನ್ಸನ್ ಜೊತೆಗೂಡಿ, ಪ್ರಾಣಿಗಳ ಕತ್ತಿನ ನರಗಂಟಿಗೆ ನಿಕೋಟಿನ್ ದ್ರಾವಣ ಬಳಿದರು. ಗಂಟಿಗೆ ಮುಂಚಿನ ನರವನ್ನು ಕೆರಳಿಸಿದರೆ ಏನೂ ಆಗಲಿಲ್ಲ. ಗಂಟು ದಾಟಿದ ಮೇಲಿನ ನರವನ್ನು ಕೆರಳಿಸಿದಾಗ ಕಣ್ಣಪಾಪೆ ಹಿಗ್ಗಿತು. ಅಂದರೆ ತಡೆ ಬಿದ್ದದ್ದು ಗಂಟಿನಲ್ಲೇ. ಯಾವ ನರ ಯಾವ ಗಂಟಿನಲ್ಲಿ ನಿಂತು ಮುಂದೆ ಹೋಗುತ್ತದೆ ಎಂಬುದನ್ನು ಲ್ಯಾಂಗ್ಲಿ ಈ ಉಪಾಯದಿಂದ ಒಂದೊಂದಾಗಿ ಗುರುತಿಸುತ್ತ ಹೋದರು. 1898ರಲ್ಲಿ ‘ಅಟಾನಮಿಕ್’, ಅಂದರೆ ಸ್ವಾಯತ್ತ, ಎಂಬ ಹೆಸರನ್ನು ಕೊಟ್ಟವರೂ ಅವರೇ. ಗ್ರಾಹಕದ ಕಲ್ಪನೆಯನ್ನು 1905ರಲ್ಲಿ ಮುಂದಿಟ್ಟದ್ದೂ ನಿಕೋಟಿನ್ ಪ್ರಯೋಗಗಳ ಬಲದಿಂದಲೇ.

ಲ್ಯಾಂಗ್ಲಿ ಬೇಕಾದ ಗಂಟನ್ನಷ್ಟೇ ಆರಿಸಿ ಬಳಿಯುತ್ತಿದ್ದರು. ಸೊಪ್ಪು ಮುರಿಯುವವರ ಮೈಯಲ್ಲಿ ನಿಕೋಟಿನ್ ಹಾಗೆ ಆರಿಸುವುದಿಲ್ಲ. ರಕ್ತದಲ್ಲಿ ಬೆರೆತು ಎರಡೂ ಕವಲುಗಳ ಗಂಟುಗಳನ್ನು ಒಟ್ಟಿಗೆ ಮೀಟುತ್ತದೆ. ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಯ ತಿರುಳು ಅಡ್ರಿನಲಿನ್ ಸುರಿಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಜೊಲ್ಲು ಹೆಚ್ಚುತ್ತದೆ, ಕರುಳು ಕಿವುಚುತ್ತದೆ. ಮಿದುಳಿನ ವಾಂತಿಕೇಂದ್ರವೂ ಕೆರಳುತ್ತದೆ. ನಿಕೋಟಿನ್ ಪ್ರಮಾಣ ಏರಿದರೆ ಕೆರಳಿದ ಗಂಟುಗಳೇ ಮಂಕಾಗಿ, ರಕ್ತದೊತ್ತಡ ಕುಸಿಯಬಹುದು. ಒಂದೇ ರೋಗಿಯ ನಾಡಿ ಒಮ್ಮೆ ಜೋರು, ಒಮ್ಮೆ ನಿಧಾನ ಆಗುವುದು ಇದರಿಂದ.

ಬೀಡಿ ಸೇದುವವರ, ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುವವರ ದೇಹ ನಿಕೋಟಿನ್‌ಗೆ ಒಗ್ಗಿರುವುದರಿಂದ ಅವರಿಗೆ ಈ ಕಾಯಿಲೆ ಕಡಿಮೆ. ಹೆಚ್ಚು ನರಳುವವರು ತಂಬಾಕನ್ನು ಬಾಯಿಗೇ ಇಡದವರು. ಹೊಲದಲ್ಲಿ ದುಡಿಯುವ ಎಷ್ಟೋ ಹೆಂಗಸರು ಈ ಸಾಲಿಗೆ ಸೇರುತ್ತಾರೆ. ಎಲೆಯ ಬಣ್ಣಕ್ಕೆ, ದರ್ಜೆಗೆ, ಹರಾಜು ಕಟ್ಟೆಯ ಬೆಲೆಗೆ ಸಲ್ಲುವ ಗಮನದಲ್ಲಿ ಒಂದು ಪಾಲಾದರೂ ಇವರಿಗೆ ಸಲ್ಲಬೇಕು.

ಮಳೆಗೆ ಹೊದೆಯುವ ಗೊಬ್ಬರಚೀಲದ ಕೊಪ್ಪೆ ತಲೆ, ಬೆನ್ನನ್ನು ಕಾಯುತ್ತದೆ. ಸೊಪ್ಪು ಒತ್ತುವುದು ಮಾತ್ರ ತೋಳಿಗೆ, ಕಂಕುಳಿಗೆ, ಎದೆಗೆ. ಅಲ್ಲಿಗೆ ನೀರಿಳಿಯದ ಹೊದಿಕೆ ಬೇಕು, ಕೈಗೆ ಗ್ಲೌಸ್ ಬೇಕು. ಎಲೆಯ ನೀರು ಆರಿದ ಮೇಲೆ ಮುರಿದರೆ ಇನ್ನೂ ಒಳ್ಳೆಯದು. ರಕ್ತದಲ್ಲಿರುವ ನಿಕೋಟಿನ್‌ನ ಅರ್ಧವನ್ನು ದೇಹ ಸುಮಾರು 2 ಗಂಟೆಯಲ್ಲಿ ಕಳೆಯಬಲ್ಲದು. ಆದರೆ ನೆನೆದ ಬಟ್ಟೆ ಮೈಮೇಲೆಯೇ ಇದ್ದರೆ ಚರ್ಮದ ಮೂಲಕ ಅದು ಇಳಿಯುತ್ತಲೇ ಇರುತ್ತದೆ. ಹೊಲದಿಂದ ಬಂದವರು ಕಾಫಿಗೆ ಕೂರುವ ಮೊದಲು ಬಟ್ಟೆ ಬದಲಿಸಿ, ತೋಳು, ಕಂಕುಳನ್ನು ಸೋಪು ಹಚ್ಚಿ ತೊಳೆದುಕೊಳ್ಳಬೇಕು. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ, ಆ ದಿನ ಒದ್ದೆ ಸೊಪ್ಪು ಮುರಿದಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.